ಮೌಲ್ಟನ್ ಕೊಟ್ಟಿಗೆಯನ್ನು ಎರಡು ಸಲ ಬರೆದದ್ದು

ಅಮೆರಿಕದ ವಯೋಮಿಂಗ್ ರಾಜ್ಯದ ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದೊಳಗೆ, ಮಾರ್ಮನ್ ರೋ ಎಂಬಲ್ಲಿ, ಥಾಮಸ್ ಆಲ್ಮಾ ಮೌಲ್ಟನ್ ಎಂಬ ರೈತನ ಮರದ ಕೊಟ್ಟಿಗೆ ಇಂದಿಗೂ ನಿಂತಿದೆ. ಐದು ವರ್ಷ ನೆಲೆ ನಿಂತು, ಮನೆ ಕಟ್ಟಿ, ಉತ್ತು ಬಿತ್ತಿದವರಿಗೆ 160 ಎಕರೆಯವರೆಗೆ ಸರ್ಕಾರಿ ಭೂಮಿ ಕೊಡುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯಿದೆಯ ಆಸರೆಯಲ್ಲಿ ಇಲ್ಲಿಗೆ ಬಂದ ಕುಟುಂಬಗಳಲ್ಲಿ ಅವನದೂ ಒಂದು. ಈ ಕೊಟ್ಟಿಗೆಯನ್ನು ನಾನು ಜಲವರ್ಣದಲ್ಲಿ ಎರಡು ಸಲ ಬರೆದೆ, ಮೊದಲನೆಯದು ಕೆಟ್ಟಿತು.

ಕೆಡಲು ಮೊದಲ ಕಾರಣ ಹವೆ. ಕಣಿವೆಯೇ ಸಮುದ್ರಮಟ್ಟದಿಂದ ಆರೂವರೆ ಸಾವಿರ ಅಡಿಗೂ ಮೇಲಿದೆ. ಅಲ್ಲಿನ ಒಣಗಾಳಿಗೆ ಆಕಾಶದ ನೀಲಿ ಕಾಗದದ ನಡುಭಾಗ ಮುಟ್ಟುವಷ್ಟರಲ್ಲೇ ಒಣಗಿ ಗೆರೆಗಟ್ಟಿತು. ಎರಡನೆಯ ಸಲ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಕಾಗದವನ್ನು ಎರಡೂ ಬದಿ ತೋಯಿಸಿ, ಐದು ನಿಮಿಷ ಬಿಟ್ಟು, ಮತ್ತೊಮ್ಮೆ ನೀರು ಸವರಿದ ಮೇಲೆ ಬಣ್ಣ ಹಚ್ಚಿದೆ.

ಇನ್ನೊಂದು ತಪ್ಪು ಬೆಟ್ಟದ್ದು. 13,775 ಅಡಿಯ ಗ್ರ್ಯಾಂಡ್ ಟೀಟನ್ ಶಿಖರ ತಪ್ಪಲಿನ ಗುಡ್ಡಗಳಿಲ್ಲದೆ ಕಣಿವೆಯಿಂದ ನೇರವಾಗಿ ಮೇಲೇಳುತ್ತದೆ. ಕಂಡಷ್ಟೇ ಗಾಢವಾಗಿ ಬರೆದರೆ ಅದು ಕೊಟ್ಟಿಗೆಯನ್ನು ನುಂಗಿಹಾಕುತ್ತದೆ. ಹಾಗಾಗಿ ಬೆಟ್ಟಕ್ಕೆ ಕೋಬಾಲ್ಟ್ ನೀಲಿಯಲ್ಲಿ ತುಸು ಗುಲಾಬಿ ಬೆರೆಸಿ ತೆಳುವಾಗಿ ಹಚ್ಚಿ, ಇಡೀ ಚಿತ್ರದ ಅತಿ ಗಾಢವಾದ ಬಣ್ಣವನ್ನು ಬಾಗಿಲಿನ ಕತ್ತಲೆಗಷ್ಟೇ ಮೀಸಲಿಟ್ಟೆ.

ಆದರೆ ನಿಜವಾಗಿ ಎಡವಿದ್ದು ಕೊಟ್ಟಿಗೆಯಲ್ಲೇ. ಅದನ್ನು ಒಂದೇ ಏಟಿಗೆ ಕಟ್ಟಿದ ಕಟ್ಟಡವೆಂದು ಭಾವಿಸಿ, ಎಲ್ಲ ಗೋಡೆಗೂ ಒಂದೇ ಕಂದು ಬಳಿದಿದ್ದೆ. ಮೌಲ್ಟನ್ ಮತ್ತು ಅವನ ಮಕ್ಕಳು ಇದನ್ನು ಸುಮಾರು ಮೂವತ್ತು ವರ್ಷ ತುಂಡುತುಂಡಾಗಿ ಕಟ್ಟಿದರು: ಮೊದಲು ದಿಮ್ಮಿಗಳ ಚಿಕ್ಕ ಕೊಟ್ಟಿಗೆ, ಆಮೇಲೆ ಅದರ ಮೇಲೆ ಹುಲ್ಲಿನ ಅಟ್ಟ, ಅನಂತರ ತೆಂಕಣ ಬದಿಗೆ ಕುದುರೆಗಳಿಗೊಂದು ಇಳಿಮಾಡು, ಕೊನೆಗೆ ಬಡಗಣ ಬದಿಗೆ ಹಂದಿಗಳಿಗೊಂದು. ದನ ಹೆಚ್ಚಾದಾಗ ಸೂರು ಇಳಿಸಿಕೊಳ್ಳುವ ಮನೆಯಲ್ಲಿ ಬೆಳೆದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಆ ಬೆಸುಗೆಗಳನ್ನು ಕಂಡ ಮೇಲೆ ನಾಲ್ಕು ಭಾಗಗಳನ್ನೂ ಬೇರೆಬೇರೆಯಾಗಿ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಬರೆದೆ. ಮಳೆ ಹಿಮ ತಿಂದ ಮರದ ಬೂದುಬಣ್ಣಕ್ಕೆ ಕಪ್ಪು ಬಣ್ಣ ಬೇಡವೇ ಬೇಡ. ಅಲ್ಟ್ರಾಮರೀನ್ ಎಂಬ ಗಾಢ ನೀಲಿ ಮತ್ತು ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಸಾಕು. ಅಲ್ಟ್ರಾಮರೀನ್‌ನ ಕಣಗಳು ಕಾಗದದ ತರಿಗಳಲ್ಲಿ ಕುಳಿತು ಮರದ ಒರಟುತನವನ್ನು ತಾವಾಗಿಯೇ ತರುತ್ತವೆ. ಅಟ್ಟದ ಹಲಗೆಗಳಿಗೆ ಸಿಯೆನಾ ಹೆಚ್ಚು, ಇಳಿಮಾಡುಗಳ ನೆರಳಿಗೆ ನೀಲಿ ಹೆಚ್ಚು.

ಬೆಟ್ಟಸಾಲು ಪಶ್ಚಿಮಕ್ಕಿರುವುದರಿಂದ ಬೆಳಗಿನ ಬಿಸಿಲು ಮೊದಲು ಶಿಖರಕ್ಕೆ, ಆಮೇಲೆ ಕೊಟ್ಟಿಗೆಯ ಮುಖಕ್ಕೆ ಬೀಳುತ್ತದೆ. ಬಿಸಿಲು ಮೇಲೇರಿದಂತೆ ಸೂರಿನ ನೆರಳು ಜಾರುತ್ತಲೇ ಹೋಗುವುದರಿಂದ, ಅದರ ಜಾಗವನ್ನು ಮೊದಲೇ ಪೆನ್ಸಿಲಿನಲ್ಲಿ ಗುರುತಿಸಿಟ್ಟು ಮತ್ತೆ ಬದಲಿಸಲಿಲ್ಲ. ಮುಂದಿನ ಸೇಜ್ ಪೊದೆಗಳನ್ನು ಒಣಕುಂಚದ ನಾಲ್ಕಾರು ಎಳೆತಗಳಲ್ಲಿ ಮುಗಿಸಿ, ದಿಮ್ಮಿಗಳ ನಡುವಿನ ಸಂದುಗಳನ್ನು ತೀರ ಸಣ್ಣ ಕುಂಚದಿಂದ ಅಲ್ಲಲ್ಲಿ ಮಾತ್ರ ಎಳೆದೆ. ಎಲ್ಲ ಸಂದನ್ನೂ ಎಳೆದಿದ್ದರೆ ಅದು ಪಂಜರದಂತೆ ಕಾಣುತ್ತಿತ್ತು.