ನಿಮ್ಮ ರೈಫಲ್‌ಗೆ ಯಾವ ಪೆಲೆಟ್? ಮನೆಯ ಪಡಸಾಲೆಯಲ್ಲೇ ನೋಡಿ

ಕಲಬುರಗಿಯಲ್ಲಿ ಶೂಟಿಂಗ್ ಕಲಿಯೋಕೆ ನನ್ನ ಹತ್ತಿರ ಬರುವ ಹುಡುಗರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್, ವಿಡಿಯೊದಲ್ಲಿ ತೋರಿಸೋ ಹಾಗೆ ನಾವೇ ಮದ್ದು ತುಂಬಿ ಗುಂಡು ಮಾಡ್ಕೋಬಹುದಾ?" ಆ ಆಸೆ ಬಿಡಿ. ಗುಂಡು ತಯಾರಿಸೋಕೆ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬೇರೆ ಲೈಸೆನ್ಸೇ ಬೇಕು. ಅಲ್ಲದೆ 50 ಮೀಟರ್ ಸ್ಪರ್ಧೆಯ .22 (0.22 ಇಂಚು ಅಳತೆಯ) ಗುಂಡಿನಲ್ಲಿ ಕಿಡಿ ಹೊತ್ತಿಸುವ ಮದ್ದು ಕೇಸಿನ ಅಂಚಿನೊಳಗೇ ಇರುತ್ತದೆ. ಒಮ್ಮೆ ಹಾರಿದರೆ ಮುಗೀತು, ಮತ್ತೆ ತುಂಬೋಕೆ ಬರಲ್ಲ. ಆ ಆಟದ ದೊಡ್ಡ ಆಟಗಾರರೂ ಕಂಪನಿ ಗುಂಡನ್ನೇ ಬ್ಯಾಚ್ ಬ್ಯಾಚ್ ಹೊಡೆದು ನೋಡಿ ಆರಿಸುತ್ತಾರೆ.

ನೀವು ಗಾಳಿಯ ಒತ್ತಡದಿಂದ ಹೊಡೆಯುವ 10 ಮೀಟರ್ ಏರ್ ರೈಫಲ್‌ನಿಂದ ಶುರು ಮಾಡಿ. ಬೋರ್ (ನಳಿಕೆಯ ಒಳ ಅಳತೆ) 4.5 ಮಿ.ಮೀ., ಹೊಡೆತದ ಶಕ್ತಿ 20 ಜೌಲ್ ಮೀರದ ಗನ್‌ಗೆ 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಲೈಸೆನ್ಸ್ ಬೇಡ. ಪೆಲೆಟ್ ಅಂದರೆ ಇದರ ಪುಟ್ಟ ಗುಂಡು. ಅದರ ಡಬ್ಬಿ ಮೇಲೆ 4.49, 4.50, 4.51 ಅಂತ ಮಿ.ಮೀ.ನಲ್ಲಿ ಪೆಲೆಟ್ ತಲೆಯ ಅಳತೆ ಇರುತ್ತದೆ. ಕೂದಲೆಳೆಗಿಂತ ಕಡಿಮೆ ವ್ಯತ್ಯಾಸ, ಆದರೆ ಬ್ಯಾರೆಲ್‌ಗೆ ಅದು ಗೊತ್ತಾಗುತ್ತದೆ. ಗೆಳೆಯನ ರೈಫಲ್‌ಗೆ ಒಗ್ಗಿದ್ದು ನಿಮ್ಮದಕ್ಕೂ ಒಗ್ಗುತ್ತದೆ ಅಂತ ಏನಿಲ್ಲ. ಮೂರೂ ಅಳತೆಯ ಒಂದೊಂದು ಡಬ್ಬಿ ತನ್ನಿ.

ನಮ್ಮ ಮನೆಯ ಶಹಾಬಾದ್ ಕಲ್ಲಿನ ಪಡಸಾಲೆ ಇದಕ್ಕೆ ಛಲೋ ಜಾಗ. ನೆಲ ಅಲುಗಾಡಲ್ಲ, ಮೇಜೂ ಅಲುಗಾಡಲ್ಲ. ಗುರಿಯ ಹಿಂದೆ ಪೆಲೆಟ್ ಹಿಡಿಯುವ ಕಬ್ಬಿಣದ ಪೆಟ್ಟಿಗೆ ಇಡಿ, ಆ ಕಡೆಯ ಬಾಗಿಲಿಗೆ ಚಿಲಕ ಹಾಕಿ, ಕಣ್ಣಿಗೆ ಕನ್ನಡಕ ಇರಲಿ. ಏಪ್ರಿಲ್-ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರಿದ ಕೆನ್ನೆ ರೈಫಲ್ಲಿನ ಸ್ಟಾಕ್ (ಕೆನ್ನೆ ಒರಗಿಸುವ ಹಿಂಭಾಗ) ಮೇಲೆ ಜಾರುತ್ತದೆ, ಆದ್ದರಿಂದ ಬೆಳಗ್ಗೆ ಬೇಗ ಕೂತುಬಿಡಿ. ಫ್ಯಾನ್ ಬೇಡ, ಗುರಿಯ ಕಾರ್ಡ್ ಅಲುಗಾಡುತ್ತದೆ.

ಮರಳಿನ ಚೀಲದ ಮೇಲೆ ರೈಫಲ್ಲಿನ ಮುಂಭಾಗದ ಹಿಡಿಯನ್ನು ಇಡಿ, ಬ್ಯಾರೆಲ್ ಚೀಲಕ್ಕೆ ತಾಗಬಾರದು. ತೊಗರಿ ಆರಿಸೋ ಹಾಗೆ ಪೆಲೆಟ್‌ಗಳನ್ನು ತಟ್ಟೆಗೆ ಸುರಿದು, ಲಂಗ (ಹಿಂದಿನ ಅಗಲವಾದ ಅಂಚು) ನೆಗ್ಗಿದವನ್ನು ತೆಗೆದುಹಾಕಿ. ಡಬ್ಬಿ ಬದಲಿಸಿದಾಗ ಮೊದಲ ಐದಾರು ಹೊಡೆತ ಲೆಕ್ಕಕ್ಕಿಲ್ಲ. ಆಮೇಲೆ ಒಂದೇ ಗುರಿಗೆ ಹತ್ತು ಹೊಡೆಯಿರಿ. ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್‌ನಲ್ಲಿ ಅಳೆದು 4.5 ಕಳೆಯಿರಿ. ಹೊರ ಅಳತೆ 7 ಮಿ.ಮೀ. ಬಂದರೆ ನಿಮ್ಮ ಗುಂಪು, ಅಂದರೆ ಹತ್ತು ಹೊಡೆತಗಳ ಹರವು, 2.5. ಒಂದೇ ಗುಂಪು ನೋಡಿ ಕುಣಿಯಬೇಡಿ, ಅದು ಅದೃಷ್ಟವೂ ಇರಬಹುದು. ಮೂರೂ ಡಬ್ಬಿಯನ್ನು ಸರದಿಯಲ್ಲಿ, ಬೇರೆ ಬೇರೆ ದಿನ ಹೊಡೆಯಿರಿ. ಪ್ರತಿ ಸಲವೂ ಚಿಕ್ಕದಾಗಿ ಬರುವುದೇ ನಿಮ್ಮದು. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಪೆಲೆಟ್ ಅಂದ್ರೆ ಸೀಸ ಅಲ್ವಾ.

ಈಗ ನಿಂತು ಹೊಡೆಯುವ ಮಾತು. 10 ಮೀಟರ್ ಗುರಿಯಲ್ಲಿ ಹತ್ತು ಅಂದರೆ ಅರ್ಧ ಮಿ.ಮೀ. ಚುಕ್ಕೆ. ಅದನ್ನು ನೋಡಿದರೇ ಎದೆ ಡವಡವ. ನಾನು ಹುಡುಗರಿಗೆ ಒಂದು ನೋಟ್‌ಬುಕ್ ಕೊಡುತ್ತೇನೆ. ಹೊಡೆತ ಹಾರಿದ ಕ್ಷಣ ಸೈಟ್ (ಗುರಿ ನೋಡುವ ಕಿಂಡಿ) ಎಲ್ಲಿತ್ತು? ಕಾರ್ಡ್ ನೋಡುವ ಮೊದಲೇ ಬರೆಯಬೇಕು: "ಎಡಕ್ಕೆ, ಸ್ವಲ್ಪ ಕೆಳಗೆ, ಒಂಬತ್ತು." ಆಮೇಲೆ ನೋಡಿ. ಬರೆದದ್ದೂ ತೂತೂ ಒಂದೇ ಕಡೆ ಇದ್ದರೆ, ಒಂಬತ್ತಾದರೂ ಅದು ಒಳ್ಳೆಯ ಹೊಡೆತ. ನಡುವೆ ಅಂತ ಬರೆದು ಎಂಟು ಬಂದರೆ, ಟ್ರಿಗರ್ ಗಕ್ಕನೆ ಎಳೆದಿದ್ದೀರಿ, ಅಥವಾ ಕಣ್ಣು ಮುಚ್ಚಿದ್ದೀರಿ. ತಪ್ಪನ್ನು ಪೆಲೆಟ್ ಮೇಲೆ ಹಾಕೋಕೆ ಆಗಲ್ಲ, ಅದನ್ನು ಚೀಲದ ಮೇಲಿಟ್ಟು ನೋಡಿಯಾಗಿದೆ! ಧೈರ್ಯ ಬರೋದು ಇಲ್ಲಿಂದಲೇ. ಅಂಕ ಕೂಡಿಸೋದನ್ನು ಆಮೇಲೆ ನೋಡಿಕೊಳ್ಳೋಣ.

50 ಮೀಟರ್‌ಗೆ ಹೋದಾಗಲೂ ಇದೇ ಕ್ರಮ. ಆ .22ಗೆ ಲೈಸೆನ್ಸ್ ಬೇಕು, ಒಪ್ಪಿಗೆ ಪಡೆದ ರೇಂಜ್ ಬೇಕು. ಅಲ್ಲಿ ಹತ್ತರ ವೃತ್ತ 10.4 ಮಿ.ಮೀ. ಅಡ್ಡಗಾಳಿ ಬೀಸಿದರೆ ಗುಂಡನ್ನು ಸುಮ್ನೆ ಹೊರಗೆ ತಳ್ಳುತ್ತದೆ. ಬ್ಯಾಚ್ ಪರೀಕ್ಷೆಗೆ ಗಾಳಿ ಇಲ್ಲದ ಬೆಳಗ್ಗೆಯೇ ಸರಿ. ಒಗ್ಗಿದ ಬ್ಯಾಚಿನ ನಂಬರ್ ಬರೆದಿಟ್ಟುಕೊಂಡು, ಲೈಸೆನ್ಸ್ ಮಿತಿಯೊಳಗೆ ಸೀಸನ್‌ಗೆ ಆಗುವಷ್ಟು ಅದನ್ನೇ ತನ್ನಿ. ಅದೇ ಕಂಪನಿಯ ಮುಂದಿನ ಬ್ಯಾಚ್ ಬಂದರೆ ಮತ್ತೆ ಮೊದಲಿನಿಂದ.