ಓಡಾಡೋದೆಲ್ಲ ಪ್ರಾಣಿನಾ?

ಒಂಬತ್ತನೇ ತರಗತಿಯಲ್ಲಿ ಜೀವಿಗಳ ವರ್ಗೀಕರಣ ಶುರು ಮಾಡುವಾಗ ಪ್ರತಿ ವರ್ಷ ಕೇಳುತ್ತೇನೆ: ಪ್ರಾಣಿ ಅಂದರೆ ಯಾವುದು? ಉತ್ತರ ಯಾವಾಗಲೂ ಒಂದೇ. "ಓಡಾಡೋದು, ಮಿಸ್." ಮೊದಲೆಲ್ಲ ಜೀವವಿಜ್ಞಾನಿ ವಿಟೇಕರ್ 1969ರಲ್ಲಿ ಹೇಳಿದ ಐದು ಸಾಮ್ರಾಜ್ಯಗಳ, ಅಂದರೆ ಜೀವಿಗಳ ಐದು ದೊಡ್ಡ ಗುಂಪುಗಳ, ಪಟ್ಟಿ ಬರೆಸಿ ಮುಂದೆ ಹೋಗುತ್ತಿದ್ದೆ. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು, ಅಷ್ಟೇ.

ಈಗ ಮೊದಲು ಮೈದಾನದ ಅಂಚಿನ ಮುಟ್ಟಿದರೆ ಮುನಿ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅಲುಗಾಡುತ್ತದೆ, ಆದರೆ ಗಿಡ. ಸಮುದ್ರದ ಸ್ಪಂಜು ಬೆಳೆದ ಮೇಲೆ ಬಂಡೆಗೆ ಅಂಟಿಕೊಂಡೇ ಇರುತ್ತದೆ, ಆದರೆ ಪ್ರಾಣಿ.

ಆಮೇಲೆ ಮೈಕ್ರೋಸ್ಕೋಪು. ಕೆಂಪು ಈರುಳ್ಳಿಯ ಎಸಳಿನ ಹೊರಬದಿಯಿಂದ ತೆಳು ಪೊರೆ ಕೀಳಬೇಕು. ಬಣ್ಣ ಹಾಕುವುದೇ ಬೇಡ, ಇಟ್ಟಿಗೆ ಜೋಡಿಸಿದಂತೆ ಗುಲಾಬಿ ಕೋಶಗಳು ಕಾಣುತ್ತವೆ. ಒಂದು ಬದಿಯಿಂದ ಉಪ್ಪುನೀರು ಬಿಟ್ಟು, ಇನ್ನೊಂದು ಬದಿಯಲ್ಲಿ ಬ್ಲಾಟಿಂಗ್ ಪೇಪರ್ ಹಿಡಿಯುತ್ತೇನೆ. ಕೆಲವೇ ನಿಮಿಷದಲ್ಲಿ ಗುಲಾಬಿ ಬಣ್ಣ ಬದಿ ಬಿಟ್ಟು ಒಳಗೆ ಮುದುಡುತ್ತದೆ. ಸುತ್ತಲಿನ ಚೌಕಟ್ಟು ಮಾತ್ರ ಹಾಗೇ ನಿಂತಿರುತ್ತದೆ. ಅದೇ ಕೋಶಭಿತ್ತಿ. ನಂತರ ಅವರದೇ ಕೆನ್ನೆಯ ಒಳಭಾಗವನ್ನು ಟೂತ್‌ಪಿಕ್‌ನಿಂದ ಮೆಲ್ಲಗೆ ಕೆರೆದು, ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಒಂದು ಹನಿ ಹಾಕಿ ನೋಡುತ್ತಾರೆ. ಚೌಕಟ್ಟು ಇಲ್ಲ. ಒದ್ದೆಯಾದ ಹಪ್ಪಳದಂತೆ ಅಂಚು ಮಡಚಿಕೊಂಡಿರುತ್ತದೆ. ಪ್ರಾಣಿಕೋಶಕ್ಕೆ ಗೋಡೆ ಇಲ್ಲ ಅಂತ ನಾನು ಹೇಳಬೇಕಾಗಿಯೇ ಇಲ್ಲ.

ನನಗೆ ಜಾಸ್ತಿ ಇಷ್ಟವಾಗುವುದು ಬೂಷ್ಟು ಹಿಡಿದ ಬ್ರೆಡ್ಡಿನ ಪಾಠ. ಒಮ್ಮೆ ಒಬ್ಬ ಹುಡುಗಿ ಕೇಳಿದಳು: "ಮಿಸ್, ಇದೂ ನಮ್ಮ ಥರಾನೇ ಬ್ರೆಡ್ ತಿನ್ನುತ್ತೆ, ಗಿಡದ ಹಾಗೆ ಅಡುಗೆ ಮಾಡ್ಕೊಳಲ್ಲ. ಪ್ರಾಣಿ ಯಾಕಲ್ಲ?" ಎಂಥ ಪ್ರಶ್ನೆ! ನಾವು ನುಂಗಿ, ಒಳಗೆ ಜೀರ್ಣಿಸಿಕೊಳ್ಳುತ್ತೇವೆ. ಬೂಷ್ಟು ಜೀರ್ಣರಸವನ್ನು ಬ್ರೆಡ್ಡಿನ ಮೇಲೇ ಬಿಟ್ಟು, ಕರಗಿದ್ದನ್ನು ಮೈಯಿಂದಲೇ ಹೀರುತ್ತದೆ. ಅದರ ಕೋಶಕ್ಕೆ ಗೋಡೆಯೂ ಇದೆ, ಸಿಗಡಿಯ ಚಿಪ್ಪಿನಲ್ಲಿರುವ ಕೈಟಿನ್ ಎಂಬ ವಸ್ತುವಿನಿಂದಲೇ ಆದದ್ದು. ಆದರೂ ವಂಶಾವಳಿಯಲ್ಲಿ ಬೂಷ್ಟು, ಅಣಬೆಯಂಥ ಶಿಲೀಂಧ್ರಗಳು ಗಿಡಗಳಿಗಿಂತ ನಮಗೇ ಹತ್ತಿರ. ತರಕಾರಿ ಅಂಗಡಿಯಲ್ಲಿ ಅಣಬೆ ನೋಡಿದ ಮಕ್ಕಳಿಗೆ ಇದನ್ನು ನಂಬಲು ಹೊತ್ತು ಬೇಕಾಗುತ್ತದೆ.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಇನ್ನೊಂದು ದನಿ: "ನೊಣ ಕೂಡ ಎಂಜಲು ಬಿಟ್ಟು ಕರಗಿಸಿ ಹೀರುತ್ತಲ್ವಾ, ಮಿಸ್?" ನಿಜ. ಆದರೆ ಹೀರಿದ್ದು ಬಾಯಿಂದ ಹೊಟ್ಟೆಗೆ ಹೋಗುತ್ತದೆ. ಬೂಷ್ಟಿಗೆ ಎರಡೂ ಇಲ್ಲ. ಬೆಲ್ ಹೊಡೆದರೂ ಆ ದಿನ ಯಾರೂ ಎದ್ದಿರಲಿಲ್ಲ.