ಆ ವಚನದ ‘ನೀವು’ ಯಾರು?

ಬೈಬಲಿನಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕದ 29:11ರ (29ನೇ ಅಧ್ಯಾಯ, 11ನೇ ವಚನ) ಮೇಲೆ ಚರ್ಚಿನಲ್ಲಿ ನಾನು ಮಾಡಿದ ಮೊದಲ ಪ್ರಸಂಗದ ಟಿಪ್ಪಣಿ ಇನ್ನೂ ನನ್ನ ಬಳಿ ಇದೆ. ನಿಮ್ಮ ಬಗ್ಗೆ ನನಗಿರುವ ಯೋಚನೆಗಳು ಕೇಡಿನವಲ್ಲ, ಒಳ್ಳೆಯವು, ನಿಮಗೆ ಮುಂದಿನ ದಿನಗಳೂ ನಿರೀಕ್ಷೆಯೂ ಸಿಗಲಿ ಎಂದು ದೇವರು ಹೇಳುವ ವಚನ ಅದು. ಮೂರು ಅಂಶ: ದೇವರಿಗೆ ನಿನ್ನ ಬಗ್ಗೆ ಯೋಚನೆ ಇದೆ, ಅದು ಒಳ್ಳೆಯ ಯೋಚನೆ, ಅದು ಬೇಗ ನೆರವೇರುತ್ತದೆ. ‘ಬೇಗ’ ಅನ್ನುವುದು ವಚನದಲ್ಲಿ ಇಲ್ಲ, ನಾನೇ ಸೇರಿಸಿದ್ದು. ಅವತ್ತು ಜೋರಾಗಿ ‘ಆಮೆನ್’ ಬಂದದ್ದು ಅದಕ್ಕೇ.

ಕೆಲವು ವರ್ಷಗಳ ನಂತರ ಅದೇ ಭಾಗವನ್ನು ಮತ್ತೆ ಸಾರಬೇಕಾಗಿ ಬಂತು. ಅಷ್ಟರಲ್ಲಿ ನನಗೊಂದು ಅಭ್ಯಾಸ ಹತ್ತಿತ್ತು. ವಚನವನ್ನು ಮುಟ್ಟುವ ಮೊದಲು ಅದರ ಹಿಂದುಮುಂದನ್ನು ಒಂದೇ ಸಲಕ್ಕೆ, ಕೈಯಲ್ಲಿ ಪೆನ್ನಿಲ್ಲದೆ ಓದುವುದು. ಪೆನ್ ಹಿಡಿದರೆ ಸಾಕು, ನನ್ನ ಕಣ್ಣು ಓದುವುದನ್ನು ಬಿಟ್ಟು ಪ್ರಸಂಗಕ್ಕೆ ಅಂಶ ಹೆಕ್ಕಲು ಶುರುಮಾಡುತ್ತದೆ. ಅಪೊಸ್ತಲ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ 104 ವಚನಗಳಷ್ಟೇ, ಅರ್ಧ ಗಂಟೆಯೂ ಬೇಡ. ಯೆರೆಮೀಯನದು 52 ಅಧ್ಯಾಯ. ಅಷ್ಟನ್ನೂ ಒಂದೇ ಕೂತಲ್ಲಿ ಓದುವ ತಾಳ್ಮೆ ನನಗಿಲ್ಲ. 24ರಿಂದ 29ರವರೆಗೆ ಓದಿದೆ. (ವಚನಗಳಿಗೆ ಸಂಖ್ಯೆ ಇರುವುದು ಹುಡುಕುವುದಕ್ಕೆ, ಕತ್ತರಿಸಿಕೊಳ್ಳುವುದಕ್ಕಲ್ಲ. ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆಗಳು ಬಂದದ್ದೇ 1551ರಲ್ಲಿ, ಮುದ್ರಕ ರೊಬೇರ್ ಎಸ್ತಿಯೆನ್ ಕೈಯಿಂದ. ಪೌಲನ ಪತ್ರವನ್ನು ಮೊದಲು ಕೇಳಿದವರಿಗೆ ‘4:13’ ಅಂದರೆ ಏನೂ ತಿಳಿಯುತ್ತಿರಲಿಲ್ಲ.)

ಹಾಗೆ ಓದುತ್ತಾ 28ನೇ ಅಧ್ಯಾಯದಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಎದುರಾದ. ಕ್ರಿ.ಪೂ. 597ರಲ್ಲಿ ಯೆಹೂದದ ಅರಸ ಯೆಕೊನ್ಯನೂ ಅವನೊಂದಿಗೆ ಸಾವಿರಾರು ಜನರೂ ಬಾಬೆಲಿಗೆ (ಬ್ಯಾಬಿಲೋನ್) ಸೆರೆಹೋಗಿದ್ದಾರೆ. ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು ಹನನ್ಯ ಹೇಳುತ್ತಾನೆ: ಇನ್ನೆರಡೇ ವರ್ಷ, ಎಲ್ಲರೂ ವಾಪಸು ಬರುತ್ತಾರೆ. ಬಾಬೆಲಿಗೆ ತಲೆಬಾಗಬೇಕು ಎಂಬುದರ ಗುರುತಾಗಿ ಯೆರೆಮೀಯ ಹೆಗಲ ಮೇಲೆ ಹೊತ್ತಿದ್ದ ಮರದ ನೊಗವನ್ನು ತೆಗೆದು ಮುರಿದೇ ಹಾಕುತ್ತಾನೆ. ಎರಡು ವರ್ಷ ಎಂದವನು ಎರಡು ತಿಂಗಳಲ್ಲಿ ಸತ್ತ, ಐದನೇ ತಿಂಗಳಲ್ಲಿ ಪ್ರವಾದನೆ, ಏಳನೇ ತಿಂಗಳಲ್ಲಿ ಸಾವು. ಮುಂದಿನ ಅಧ್ಯಾಯದಲ್ಲಿ ಯೆರೆಮೀಯ ಸೆರೆಯವರಿಗೆ ಬರೆದ ಪತ್ರ ಇದೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ವಾಪಸು ಬರಲು ಎಪ್ಪತ್ತು ವರ್ಷ ಆಗುತ್ತದೆ. ಈ ಎಪ್ಪತ್ತು ಬರುವುದು 10ನೇ ವಚನದಲ್ಲಿ. ಅದರ ಬೆನ್ನಿಗೇ ನನ್ನ 11ನೇ ವಚನ.

ನನ್ನ ಹಳೆಯ ಟಿಪ್ಪಣಿ ತೆಗೆದು ನೋಡಿದೆ. ನಾನು ಯೆರೆಮೀಯನ ಬಾಯಿಂದ ಹನನ್ಯನ ಪ್ರಸಂಗ ಮಾಡಿಸಿದ್ದೆ.

ಇನ್ನೊಂದು ವಿಷಯ ನಂತರ ಕಣ್ಣಿಗೆ ಬಿತ್ತು. ಯೆರೆಮೀಯನ ಪುಸ್ತಕದ ಮೂಲಭಾಷೆ ಹೀಬ್ರೂ ನನಗೆ ಸರಾಗವಲ್ಲ. ಕಾಲೇಜಿನಲ್ಲಿ ಕಲಿತದ್ದರಲ್ಲಿ ಅಕ್ಷರಗಳು, ಸರ್ವನಾಮಗಳು, ಒಂದಷ್ಟು ಕ್ರಿಯಾಪದಗಳು ಉಳಿದಿವೆ ಅಷ್ಟೇ. ಪದದ ಕೆಳಗೆ ಪದದ ಅರ್ಥ ಕೊಟ್ಟಿರುವ ಪುಸ್ತಕ ಇಟ್ಟುಕೊಂಡು ತಡಕಾಡುತ್ತೇನೆ. ಆದರೆ ಅಷ್ಟರಿಂದಲೇ ಕಂಡಿತು: ‘ನಿಮಗೆ’ ಎಂಬಲ್ಲಿ ಇರುವುದು ‘ಲಾಕೆಮ್’, ಬಹುವಚನ. ಅರೆ, ಇದಕ್ಕೆ ಹೀಬ್ರೂ ಯಾಕೆ ಬೇಕಿತ್ತು? ನಾನು ಓದುವ ಹಳೆಯ ಕನ್ನಡ ಅನುವಾದ ಇದನ್ನು ಮೊದಲಿನಿಂದಲೂ ಹೇಳುತ್ತಲೇ ಇತ್ತು. ಅಲ್ಲಿ ಒಬ್ಬರಾದರೆ ‘ನೀನು’, ದೇವರಾದರೂ ಅರಸನಾದರೂ. ‘ನೀವು’ ಅಂದರೆ ಹಲವರು. ನಮ್ಮ ಕಿವಿಗೆ ಮಾತ್ರ ‘ನೀವು’ ಎಂದರೆ ಮರ್ಯಾದೆ. ದೇವರು ನನಗೊಬ್ಬನಿಗೇ ಮರ್ಯಾದೆ ಕೊಟ್ಟು ಮಾತಾಡಿದ ಹಾಗೆ ಕೇಳಿಸಿಕೊಂಡು, ಪುಲ್ಪಿಟ್‌ನಲ್ಲಿ ಅದನ್ನು ‘ನಿನ್ನ’ ಮಾಡಿಬಿಟ್ಟಿದ್ದೆ.

ಅಂದಿನಿಂದ ಭಾಗವನ್ನು ಕಾಗದದ ಮೇಲೆ ಕೈಯಿಂದ ಬರೆದುಕೊಂಡು, ‘ನೀನು’ಗೆ ಒಂದು ಗೆರೆ, ‘ನೀವು’ಗೆ ಎರಡು ಗೆರೆ ಎಳೆಯುತ್ತೇನೆ. ತೀರಾ ಬಾಲಿಶ ಕೆಲಸ, ಆದರೆ ಫಲ ಕೊಡುತ್ತದೆ. ಲೂಕ 22:31ರಲ್ಲಿ ಯೇಸು ಕರೆಯುವುದು ಶಿಷ್ಯ ಸೀಮೋನನೊಬ್ಬನನ್ನು, ಆದರೆ ಸೈತಾನನು ಜರಡಿ ಹಿಡಿಯಲು ಕೇಳಿಕೊಂಡದ್ದು ‘ನಿಮ್ಮನ್ನು’, ಶಿಷ್ಯರೆಲ್ಲರನ್ನು. ಮುಂದಿನ ವಚನದಲ್ಲಿ ಯೇಸು ಬೇಡಿಕೊಂಡದ್ದು ‘ನಿನಗೋಸ್ಕರ’. ಎಲ್ಲರನ್ನೂ ಜಾಲಿಸುವಾಗ ಒಬ್ಬನಿಗಾಗಿ ಪ್ರಾರ್ಥನೆ, ಆ ಒಬ್ಬನು ತಿರುಗಿಕೊಂಡು ಉಳಿದವರನ್ನು ದೃಢಪಡಿಸಲಿ ಎಂದು. ಇಡೀ ಪ್ರಸಂಗ ಈ ಎರಡು ಸರ್ವನಾಮಗಳ ನಡುವೆ ಇದೆ. ಯೋಹಾನ 3ರಲ್ಲಿ ಯೆಹೂದ್ಯರ ಮುಖಂಡ ನಿಕೊದೇಮ ‘ನಾವು ಬಲ್ಲೆವು’ ಎಂದು ಶುರುಮಾಡುತ್ತಾನೆ; ಯೇಸು ‘ನೀವು ಹೊಸದಾಗಿ ಹುಟ್ಟಬೇಕು’ ಎಂದು ಅವನ ಇಡೀ ಗುಂಪಿಗೇ ಉತ್ತರ ಕೊಡುತ್ತಾನೆ. ದುಶ್ಚಟಗಳ ವಿರುದ್ಧ ನಾನು ಎಷ್ಟೋ ಸಲ ಬಳಸಿದ 1 ಕೊರಿಂಥ 3:16ರ ‘ನೀವು ದೇವರ ಆಲಯ’ ಇರುವುದು ಪೌಲನ ಕಡೆಯವರು, ಅಪೊಲ್ಲೋಸ ಎಂಬ ಬೋಧಕನ ಕಡೆಯವರು ಎಂದು ಒಡೆದುಹೋದ ಕೊರಿಂಥದ ಸಭೆಯ ಕುರಿತು. ದೇಹವೇ ಆಲಯ ಎಂಬ ಮಾತು ಬರುವುದು 6ನೇ ಅಧ್ಯಾಯದಲ್ಲಿ. ಸಭೆ ಒಡೆಯುವವನಿಗೆ ಹೇಳಿದ್ದನ್ನು ನಾನು ಬೀಡಿ ಸೇದುವವನಿಗೆ ಹೇಳುತ್ತಿದ್ದೆ.

ಮೂಲಭಾಷೆಯ ರುಚಿ ಹತ್ತಿದ ಮೇಲೆ ಬೇರೊಂದು ಹಳ್ಳಕ್ಕೂ ಬಿದ್ದೆ. ಗ್ರೀಕಿನಲ್ಲಿ ಶಕ್ತಿಗೆ ಇರುವ ಪದ ‘ದುನಾಮಿಸ್’ ಅಂದರೆ ಡೈನಮೈಟ್, ಸುವಾರ್ತೆ ಸಿಡಿಯುವ ಶಕ್ತಿ ಎಂದು ಮೇಜು ಗುದ್ದಿ ಹೇಳಿದ್ದೇನೆ. ಡೈನಮೈಟ್‌ಗೆ ಪೇಟೆಂಟ್ ಆದದ್ದು 1867ರಲ್ಲಿ. ಪೌಲನ ತಲೆಯಲ್ಲಿ ಅದು ಹೇಗೆ ಇರಲು ಸಾಧ್ಯ? ಸಭೆಗೆ ಇರುವ ಗ್ರೀಕ್ ಪದ ‘ಎಕ್ಲೇಸಿಯ’ ಅಂದರೆ ‘ಹೊರಗೆ ಕರೆಯಲ್ಪಟ್ಟವರು’ ಎಂಬುದೂ ಇದೇ ಜಾತಿಯದು. ಅಪೊಸ್ತಲರ ಕೃತ್ಯಗಳು 19ರಲ್ಲಿ ಎಫೆಸದಲ್ಲಿ ಗಲಾಟೆ ಎಬ್ಬಿಸಿದ ಗುಂಪಿಗೂ ಅದೇ ಪದ, ಅವರನ್ನು ಯಾರೂ ಪರಿಶುದ್ಧತೆಗೆ ಕರೆದಿರಲಿಲ್ಲ. ‘ಉಪವಾಸ’ವನ್ನು ಬಿಡಿಸಿದರೆ ‘ಹತ್ತಿರ ವಾಸಿಸುವುದು’. ಹಾಗೆಂದು ಇವತ್ತು ಉಪವಾಸ ಇದ್ದೇನೆ ಎನ್ನುವವರನ್ನು ಯಾರ ಹತ್ತಿರ ಎಂದು ನಾವು ಕೇಳುವುದಿಲ್ಲ. ಪದದ ಅರ್ಥವನ್ನು ವಾಕ್ಯ ಹೇಳುತ್ತದೆ, ಬೇರು ಹೇಳುವುದಿಲ್ಲ. ಈಗ ಪುಲ್ಪಿಟ್‌ನಲ್ಲಿ ಗ್ರೀಕ್, ಹೀಬ್ರೂ ಪದಗಳನ್ನು ಉಚ್ಚರಿಸುವುದನ್ನೇ ಹೆಚ್ಚುಕಡಿಮೆ ಬಿಟ್ಟಿದ್ದೇನೆ. ಅಡುಗೆ ಬಡಿಸಿದರೆ ಸಾಕು, ಒಲೆ ಹೊತ್ತುತರಬೇಕಿಲ್ಲ.

ಯೆರೆಮೀಯನ ಎರಡನೇ ಪ್ರಸಂಗಕ್ಕೆ ಬರುತ್ತೇನೆ. ಹನನ್ಯ, ಎಪ್ಪತ್ತು ವರ್ಷ, ಬಹುವಚನ ಎಲ್ಲವನ್ನೂ ಹೇಳಿದೆ. ಪತ್ರ ಕೇಳಿದವರಲ್ಲಿ ಬಹುಪಾಲು ಜನ ಬಾಬೆಲಿನಲ್ಲೇ ಸತ್ತಿರಬೇಕು ಎಂದೆ. ನನ್ನ ಮಟ್ಟಿಗೆ ತಪ್ಪಿಲ್ಲದ ಪ್ರಸಂಗ. ಮುಗಿದ ಮೇಲೆ ಸಭೆಯ ಹಿರಿಯ ಅಜ್ಜಿಯೊಬ್ಬರು ಬಂದು ಕೇಳಿದರು, “ಪಾಸ್ಟರ್, ಹಾಗಾದ್ರೆ ಆ ವಾಕ್ಯ ನಮ್ಮದಲ್ವಾ?” ಗಂಡ ತೀರಿಕೊಂಡ ವರ್ಷ ಅವರು ಹಿಡಿದುಕೊಂಡಿದ್ದ ವಾಕ್ಯ ಅದು. ನನ್ನ ಬಳಿ ಉತ್ತರ ಇರಲಿಲ್ಲ. “ಮುಂದಿನ ವಾರ ಹೇಳ್ತೀನಮ್ಮ” ಎಂದೆ.

ಆ ವಾರದ ಕೆಲಸ ನನಗೆ ವ್ಯಾಕರಣಕ್ಕಿಂತ ಹೆಚ್ಚು ಕಲಿಸಿತು. ಅಂದಿನವರಿಗೆ ಹೇಳಿದ್ದು ನಮ್ಮವರೆಗೆ ಬರುವುದಕ್ಕೆ ಒಂದು ದಾರಿ ಇದೆ, ನಾನು ಮೊದಲ ಸಲ ಅದನ್ನು ಹಾರಿದ್ದೆ, ಎರಡನೇ ಸಲ ಅರ್ಧಕ್ಕೇ ನಿಂತಿದ್ದೆ. ದೇವರ ವಾಗ್ದಾನಗಳೆಲ್ಲ ಕ್ರಿಸ್ತನಲ್ಲಿ ‘ಹೌದು’ ಎಂದು ಪೌಲನು 2 ಕೊರಿಂಥ 1:20ರಲ್ಲಿ ಬರೆಯುತ್ತಾನೆ. ಪೇತ್ರನು ತನ್ನ ಮೊದಲ ಪತ್ರದಲ್ಲಿ ವಿಶ್ವಾಸಿಗಳನ್ನು ಚದರಿಹೋದ ಪರದೇಶಿಗಳು ಎಂದೇ ಕರೆಯುತ್ತಾನೆ, ಕೊನೆಯಲ್ಲಿ ‘ಬಾಬೆಲ್’ ಎಂಬ ಹೆಸರನ್ನೂ ತರುತ್ತಾನೆ. ಅವನು ಕೊಡುವ ನಿರೀಕ್ಷೆ ಊರಿಗೆ ವಾಪಸು ಹೋಗುವುದಲ್ಲ. ಯೇಸು ಸತ್ತವರೊಳಗಿಂದ ಎದ್ದದ್ದರಿಂದ ಬಂದ ಜೀವಂತ ನಿರೀಕ್ಷೆ, ಬಾಡದ ಬಾಧ್ಯತೆ (ಮಕ್ಕಳಿಗೆ ಹಕ್ಕಾಗಿ ಬರುವ ಆಸ್ತಿ). ಎಪ್ಪತ್ತು ವರ್ಷ ಮುಗಿಯುವ ಮೊದಲೇ ಸತ್ತವರಿಗೂ ಸಾಕಾಗುವಂಥದ್ದು.

ಇದನ್ನು ಅಜ್ಜಿಗೆ ಪ್ರಸಂಗವಾಗಿ ಹೇಳಲಿಲ್ಲ. ಮನೆಗೆ ಹೋಗಿ, ಪಕ್ಕದಲ್ಲಿ ಕೂತು, ಯೆರೆಮೀಯ 29 ಮತ್ತು 1 ಪೇತ್ರ 1 ಎರಡನ್ನೂ ಓದಿದೆ. ಅವರು ಕೇಳಿಸಿಕೊಂಡು, “ನಮ್ಮದೇ, ಆದ್ರೆ ನಂಗೊಬ್ಬಳಿಗೇ ಅಲ್ಲ ಅನ್ನಿ” ಎಂದರು.

ಪದವಿ ಮುಗಿಸಿದ ಹುಡುಗರಿಗೆ ಕಾರ್ಡಿನಲ್ಲಿ ಈ ವಚನ ಬರೆದುಕೊಡಿ ಎಂದು ಈಗಲೂ ಕೇಳುತ್ತಾರೆ. ಬರೆದುಕೊಡುತ್ತೇನೆ, 10ನೇ ವಚನವನ್ನೂ ಸೇರಿಸಿ. ಅದನ್ನು ಓದಿ ಕೆಲವರು ಫೋನ್ ಮಾಡುತ್ತಾರೆ: “ಪಾಸ್ಟರ್, ಈ ಎಪ್ಪತ್ತು ವರ್ಷ ಏನು?”